ಶಿನ್ಯಾಂಗಾದ ಸೌದೆ

ತಾಂಜಾನಿಯಾದ ಶಿನ್ಯಾಂಗಾ ಮಳೆ ಕಡಿಮೆಯ ಸೀಮೆ. 1920ರ ದಶಕದಿಂದ, ದನಗಳಿಗೆ ರೋಗ ತರುವ ಸೆಟ್ಸಿ ನೊಣವನ್ನು ಅಳಿಸಲೆಂದು ಅಲ್ಲಿ ಆಳುವವರೇ ಕಾಡು ಸವರಿಸಿದರು. ಹತ್ತಿಯ ಹೊಲಗಳೂ ಹಬ್ಬಿದವು. ಸೌದೆಗೆ ಮೈಲಿಗಟ್ಟಲೆ ನಡೆದವರು ಮಾತ್ರ ಹೆಂಗಸರು!

1986ರಲ್ಲಿ ಸರ್ಕಾರ ‘ಹಾಶಿ’ ಯೋಜನೆ ಹೂಡಿತು. ಫಲ ಕೊಟ್ಟದ್ದು ಸುಕುಮಾ ಜನರ ಹಳೆಯ ‘ನ್ಗಿಟಿಲಿ’ ಪದ್ಧತಿ. ಮಳೆಗಾಲದಲ್ಲಿ ದನ ಬಿಡದೆ, ಬೇಸಗೆಯ ಮೇವಿಗೆಂದು ಕಾಯ್ದಿಡುವ ಜಾಗವದು. ನಮ್ಮ ಹಳ್ಳಿಗಳ ಹುಲ್ಲುಬನ್ನಿಯ ಹಾಗೆ. ದನ, ಕೊಡಲಿ ಎರಡನ್ನೂ ತಡೆದಾಗ ನೆಲದೊಳಗಿನ ಬೇರು, ಮೋಟುಗಳೇ ಚಿಗುರಿದವು. (ಸಸಿ ನೆಟ್ಟು ಭಾಷಣ ಮಾಡುವವರಿಗೆ ಇದು ರುಚಿಸಲಿಕ್ಕಿಲ್ಲ.) ಸುಮಾರು 600 ಹೆಕ್ಟೇರ್ ಉಳಿದಿದ್ದ ನ್ಗಿಟಿಲಿ 2000ದ ದಶಕದ ಹೊತ್ತಿಗೆ 3 ಲಕ್ಷ ದಾಟಿತ್ತು. ಸೌದೆಯ ದಾರಿ ಹತ್ತಿರವಾಯಿತು. ಆದರೆ ಅನೇಕ ನ್ಗಿಟಿಲಿಗಳು ಸ್ವಂತದವು. ನೆಲವಿಲ್ಲದ ಮನೆಯ ಹೆಂಗಸಿಗೆ ಊರೊಟ್ಟಿನದೇ ಗತಿ.