ಜಿಡ್ಡು ಬಿಡಿಸುವ ಕಸುಬು: ಸೀಮೆಎಣ್ಣೆ ಟ್ರೇಯಿಂದ ಬಿಸಿನೀರಿನ ಜೆಟ್‌ವರೆಗೆ

ಚಾಮರಾಜಪುರಂ ಸ್ಟೇಷನ್ ಬಿಟ್ಟು ನಂಜನಗೂಡಿನ ಕಡೆ ಹೊರಟ ರೈಲಿಗೆ ಮುಂದಿನ ನಿಲ್ದಾಣ ಅಶೋಕಪುರಂ. ಮೈಸೂರಿನ ರೈಲ್ವೆ ಕಾರ್ಯಾಗಾರ ಇರುವುದು ಅಲ್ಲಿಯೇ. ಊರಿನ ಇನ್ನೊಂದು ದಿಕ್ಕಿಗೆ, ಕೆ.ಆರ್.ಎಸ್. ರಸ್ತೆಯಲ್ಲಿ, ಗಣಿಗಳಿಗೆ ಡಂಪರ್ ಕಟ್ಟುವ ಬೆಮೆಲ್ ಇದೆ. ಇವೆರಡರ ನಡುವೆ ಜೆಸಿಬಿ, ರೋಲರ್, ಮಿಕ್ಸರ್ ರಿಪೇರಿ ಮಾಡುವ ಸಣ್ಣ ಗ್ಯಾರೇಜುಗಳು. ಇಲ್ಲೆಲ್ಲ ಸ್ಪ್ಯಾನರ್ ಹಿಡಿಯುವ ಮೊದಲು ಮಾಡುವ ಕೆಲಸ ಒಂದೇ: ಜಿಡ್ಡು ತೆಗೆಯುವುದು.

ಗಾಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದ ಕಾಲಕ್ಕೆ ಇದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಹರಳೆಣ್ಣೆ ಕ್ಷಾರದೊಂದಿಗೆ ಸೇರಿ ಸಾಬೂನಾಗುತ್ತದೆ, ನೀರಿಗೆ ಬಿಟ್ಟುಕೊಳ್ಳುತ್ತದೆ. ನೆಲದಾಳದ ಖನಿಜತೈಲ ಹಾಗಲ್ಲ, ಯಾವ ಕ್ಷಾರಕ್ಕೂ ಸಾಬೂನಾಗುವುದಿಲ್ಲ. ಅದನ್ನು ಬಿಡಿಸಲು ಅದರ ಜಾತಿಯದೇ ಸೀಮೆಎಣ್ಣೆ ಬೇಕಾಯಿತು. ಟ್ರೇ, ಬ್ರಷ್, ಕಾಟನ್ ವೇಸ್ಟ್: ಇಷ್ಟರಲ್ಲೇ ತಲೆಮಾರುಗಳು ಕಳೆದವು. ಸೀಮೆಎಣ್ಣೆ ಸಿಗದಾದಾಗ ಡೀಸೆಲ್ ಬಂತು. ಅವಸರದವರು ಪೆಟ್ರೋಲನ್ನೂ ಬಳಸಿದರು. ಅದು ಶುದ್ಧ ಹುಚ್ಚುತನ. ಈ ಮೂರೂ ಕಬ್ಬಿಣದ ಜಿಡ್ಡಿನ ಜೊತೆಗೆ ಕೈಯ ಚರ್ಮದ ಜಿಡ್ಡನ್ನೂ ಕರಗಿಸುತ್ತವೆ. ಹಳೆಯ ಮೆಕ್ಯಾನಿಕ್‌ಗಳ ಬೆರಳು ಸೀಳುವುದಕ್ಕೆ ಕಾರಣ ಅದು.

ದೊಡ್ಡ ಕಾರ್ಯಾಗಾರಗಳು ಕಾಸ್ಟಿಕ್ ಸೋಡದ ಕುದಿನೀರಿನ ತೊಟ್ಟಿಗೆ ಹೋದವು. ರೈಲ್ವೆಯವರು ಅದನ್ನು ಬಾಷ್ ಟ್ಯಾಂಕ್ ಎನ್ನುತ್ತಾರೆ. ಉಕ್ಕಿನ ಭಾರಿ ಬಿಡಿಭಾಗಗಳನ್ನು ಕ್ರೇನಿನಿಂದ ಅದರೊಳಗೆ ಇಳಿಸಿದರೆ ಎಣ್ಣೆಯ ಜೊತೆ ಬಣ್ಣವೂ ಕಿತ್ತುಬರುತ್ತದೆ. ಆದರೆ ಅಲ್ಯೂಮಿನಿಯಂ ಪಿಸ್ಟನ್ ಅಪ್ಪಿತಪ್ಪಿ ಬಿದ್ದರೆ ಕಾಸ್ಟಿಕ್ ಲೋಹವನ್ನೇ ತಿನ್ನುತ್ತದೆ, ಹೈಡ್ರೋಜನ್ ಗುಳ್ಳೆಯೇಳುತ್ತದೆ.

1930ರ ದಶಕದಿಂದ ಪಶ್ಚಿಮದ ಕಾರ್ಖಾನೆಗಳಲ್ಲಿ ಹಬ್ಬಿದ ಟ್ರೈಕ್ಲೋರೋಎಥಿಲೀನ್ ಜಾಣ ಉಪಾಯ. 87 ಡಿಗ್ರಿಯಲ್ಲಿ ಕುದಿಯುವ ಈ ದ್ರವದ ಆವಿ ತಣ್ಣನೆಯ ಲೋಹದ ಮೇಲೆ ಹನಿಗಟ್ಟಿ, ಜಿಡ್ಡನ್ನು ಹೊತ್ತು ಇಳಿಯುತ್ತದೆ. ಭಾಗ ಒಣಗಿಯೇ ಹೊರಬರುತ್ತದೆ. ಒರೆಸುವ ಕೆಲಸವೂ ಇಲ್ಲ. ಆದರೆ 2012ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದರ ಸಂಬಂಧಿ ಕಾರ್ಬನ್ ಟೆಟ್ರಾಕ್ಲೋರೈಡ್ ಓಜೋನ್ ಪದರವನ್ನೂ ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತ 2010ರ ಜನವರಿ 1ರಿಂದ ದ್ರಾವಕವಾಗಿ ಅದರ ಬಳಕೆಯನ್ನು ಕೈಬಿಟ್ಟಿತು.

ಮತ್ತೆ ನೀರಿಗೇ ಬಂದದ್ದು ಹೀಗೆ. 1950ರಲ್ಲೇ ಜರ್ಮನಿಯ ಕಾರ್ಶರ್ ಬಿಸಿನೀರಿನ ಹೈ-ಪ್ರೆಶರ್ ಯಂತ್ರ ತಂದಿತ್ತು. ಈಗಿನ ತೊಳೆಯುವ ಯಂತ್ರಗಳಲ್ಲಿ ಬಿಸಿನೀರು, ಮೆದು ಕ್ಷಾರ, ಡಿಟರ್ಜೆಂಟ್ ಮೂರೂ ಸೇರಿರುತ್ತವೆ. ಎಣ್ಣೆಸ್ನಾನದ ದಿನ ಸೀಗೆಪುಡಿ ಮಾಡುವ ಕೆಲಸವೇ ಇದು: ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿದುಕೊಳ್ಳುವ ಅಣುಗಳು ಜಿಡ್ಡನ್ನು ಎಬ್ಬಿಸಿ ಒಯ್ಯುತ್ತವೆ. ಆದರೂ ಪಿನ್, ಬುಷ್‌ಗಳಲ್ಲಿ ಮಣ್ಣಿನೊಂದಿಗೆ ಗಟ್ಟಿಯಾದ ಗ್ರೀಸನ್ನು ಮೊದಲು ಕೆರೆದು ತೆಗೆಯದಿದ್ದರೆ ಯಾವ ಜೆಟ್ಟೂ ನಾಟದು. ಸೀಲಿನ ಅಂಚಿಗೆ ಜೆಟ್ ಹಿಡಿದರಂತೂ ನೀರು, ಮಣ್ಣು ಒಳಗೇ ನುಗ್ಗುತ್ತವೆ.

ಹೈಡ್ರಾಲಿಕ್ಸ್ ಬಂದ ಮೇಲೆ 'ಸ್ವಚ್ಛ'ದ ಅಳತೆಯೇ ಬದಲಾಯಿತು. ವಾಲ್ವಿನ ಸ್ಪೂಲಿಗೂ ಅದರ ರಂಧ್ರಕ್ಕೂ ಇರುವ ಸಂದು ಕೆಲವೇ ಮೈಕ್ರಾನ್. ಕಣ್ಣಿಗೆ ಫಳಫಳ ಹೊಳೆಯುವ ಭಾಗವೂ ಇಲ್ಲಿ ಕೊಳಕಾಗಿರಬಹುದು. ಐಎಸ್ಒ 4406 ಮಾನದಂಡ ಒಂದು ಮಿಲಿಲೀಟರ್ ಎಣ್ಣೆಯಲ್ಲಿ 4, 6, 14 ಮೈಕ್ರಾನ್‌ಗಿಂತ ದೊಡ್ಡ ಕಣಗಳೆಷ್ಟು ಎಂದು ಎಣಿಸುತ್ತದೆ. ಕಾಟನ್ ವೇಸ್ಟ್ ಬಿಟ್ಟುಹೋಗುವ ಒಂದು ಎಳೆ ಸಾಕು, ವಾಲ್ವ್ ಸಿಕ್ಕಿಕೊಳ್ಳಲು.

ಈ ಇಡೀ ಚರಿತ್ರೆಯಲ್ಲಿ ಎಣ್ಣೆ ಹೋದದ್ದು ಭಾಗದಿಂದ ಮಾತ್ರ. ಮೊದಲು ಕೈಗೆ, ಆಮೇಲೆ ಗಾಳಿಗೆ, ಈಗ ಚರಂಡಿಗೆ. ನಗರದ ಒಳಚರಂಡಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಎಣ್ಣೆ-ಗ್ರೀಸ್ ಲೀಟರಿಗೆ 20 ಮಿಲಿಗ್ರಾಂ ಮೀರಬಾರದು, ಕೆರೆ-ಹೊಳೆಗಾದರೆ 10 ಎನ್ನುತ್ತದೆ ನಿಯಮ. ದೊಡ್ಡ ಕಾರ್ಖಾನೆಗಳಿಗೆ ಅದಕ್ಕೆಂದು ಶುದ್ಧೀಕರಣ ಘಟಕಗಳಿರುತ್ತವೆ. ಸಣ್ಣ ಗ್ಯಾರೇಜಿಗೆ ಬೇಕಾದದ್ದು ಎರಡು ಅಡ್ಡಗೋಡೆ ಕಟ್ಟಿದ ಒಂದು ತೊಟ್ಟಿ: ಎಣ್ಣೆ ಮೇಲೆ ತೇಲುತ್ತದೆ, ಮಣ್ಣು ಅಡಿಗಿಳಿಯುತ್ತದೆ, ನಡುವಿನ ನೀರು ಹೊರಗೆ. ಜಾಸ್ತಿ ಡಿಟರ್ಜೆಂಟ್ ಸುರಿದರೆ ಮಾತ್ರ ಎಣ್ಣೆ ನೀರಿನಲ್ಲೇ ಕದಡಿಕೊಂಡು ತೊಟ್ಟಿ ದಾಟಿಬಿಡುತ್ತದೆ.