ಬೇಲಿಯಲ್ಲಿ ಹುಟ್ಟಿದ ಗುಲಾಬಿ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಕಲೇಶಪುರದಿಂದ ದೂರವಾಣಿ ಮಾಡಿದ್ದಳು. "ಸರ್, ಮಳೆಗಾಲ ಬಂತೆಂದರೆ ನನ್ನ ಗುಲಾಬಿಗಿಡಗಳೆಲ್ಲ ಎಲೆ ಉದುರಿಸಿಕೊಂಡು ಬರೀ ಕಡ್ಡಿಯಾಗುತ್ತವೆ. ನಿಮ್ಮ ಮನೆಯ ಅಂಗಳದಲ್ಲಿದ್ದ ಎಡ್ವರ್ಡ್ ಗುಲಾಬಿ ಈಗಲೂ ಇದೆಯೇ?" ಎಂದು ಕೇಳಿದಳು. ಇದೆ ಎಂದೆ. ಆದರೆ ಆ ಗಿಡದ ವಿಷಯದಲ್ಲಿ ನಾನು ಎರಡು ತಪ್ಪುಗಳನ್ನು ಮಾಡಿದ್ದೇನೆ. ಒಂದು ತರಗತಿಯಲ್ಲಿ, ಇನ್ನೊಂದು ಮನೆಯಲ್ಲಿ. ಎರಡನ್ನೂ ಇಲ್ಲಿ ಒಪ್ಪಿಕೊಂಡು ಹಗುರಾಗಬೇಕೆಂದು ಈ ಬರಹ.

ಮೊದಲು ತರಗತಿಯ ತಪ್ಪು. ಬ್ರಿಟಿಷರ ಕಾಲದ ಪಾಠ ಮಾಡುವಾಗ, "ನಮ್ಮ ಮನೆಯಲ್ಲಿರುವ ಎಡ್ವರ್ಡ್ ಗುಲಾಬಿಗೆ ಏಳನೆಯ ಎಡ್ವರ್ಡ್ ದೊರೆಯ ಹೆಸರನ್ನೇ ಇಟ್ಟಿದ್ದಾರೆ" ಎಂದು ಎಷ್ಟೋ ವರ್ಷ ಹೇಳಿದ್ದೇನೆ. ನಿಮ್ಮಲ್ಲಿ ಕೆಲವರು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೂ ಇರಬಹುದು. ದಯವಿಟ್ಟು ಹೊಡೆದುಹಾಕಿ. ಆ ದೊರೆ ಹುಟ್ಟಿದ್ದು 1841ರಲ್ಲಿ. ಗುಲಾಬಿ ಅದಕ್ಕಿಂತ ಹಳೆಯದು. ಇಂಗ್ಲೆಂಡಿಗೂ ಅದರ ಹುಟ್ಟಿಗೂ ಸಂಬಂಧವೇ ಇಲ್ಲ.

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿನ ಪೂರ್ವಕ್ಕೆ, ಫ್ರೆಂಚರ ಆಳ್ವಿಕೆಯ ಒಂದು ಪುಟ್ಟ ದ್ವೀಪವಿದೆ. ಇಂದಿನ ಹೆಸರು ರಿಯೂನಿಯನ್. ಹಿಂದೆ ಅದನ್ನು ಬೂರ್ಬೋನ್ ಎನ್ನುತ್ತಿದ್ದರು. ಅಲ್ಲಿಯ ಜಮೀನುದಾರರು ತೋಟದ ಸುತ್ತ ಗುಲಾಬಿಯ ಬೇಲಿ ಹಾಕುತ್ತಿದ್ದರಂತೆ. ಒಂದು ಸಾಲು ಚೀನಾ ಗುಲಾಬಿ, ಇನ್ನೊಂದು ಸಾಲು ಡಮಾಸ್ಕ್ ಗುಲಾಬಿ. ದ್ವೀಪದ ಪೂರ್ವತೀರದ ಸೇಂಟ್ ಬೆನ್ವಾ ಎಂಬಲ್ಲಿ ಎಡ್ವಾರ್ ಪೆರಿಶೋನ್ ಎಂಬ ಜಮೀನುದಾರನಿಗೆ ಬೇಲಿಯ ಸಸಿಗಳ ನಡುವೆ ಎರಡನ್ನೂ ಹೋಲದ ಒಂದು ಸಸಿ ಕಂಡಿತು. ಅದನ್ನು ಕಿತ್ತೆಸೆಯದೆ ತನ್ನ ತೋಟದಲ್ಲಿ ನೆಟ್ಟ. ಎರಡು ಸಾಲುಗಳ ನಡುವೆ ಹಾರಾಡಿದ ಯಾವುದೋ ಕೀಟ ಮಾಡಿಸಿದ ಮದುವೆಯ ಫಲ ಅದು. ಎಡ್ವಾರ್ ಎಂಬ ಅವನ ಹೆಸರೇ ನಮ್ಮಲ್ಲಿ ಎಡ್ವರ್ಡ್ ಆಗಿದೆ. 1817ರಲ್ಲಿ ಆ ದ್ವೀಪಕ್ಕೆ ಬಂದ ಬ್ರಿಯೋನ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಬೆಳೆಸಿ, ಕೆಲವೇ ವರ್ಷಗಳಲ್ಲಿ ಪ್ಯಾರಿಸ್ಸಿನ ಬಳಿಯ ನ್ಯೂಯಿ ಅರಮನೆಯ ತೋಟಗಾರ ಜಾಕ್ ಎಂಬವನಿಗೆ ಬೀಜ ಕಳುಹಿಸಿದ. ಅಲ್ಲಿಂದ ಮುಂದೆ ಬೂರ್ಬೋನ್ ಗುಲಾಬಿಗಳೆಂಬ ಒಂದು ಕುಲವೇ ಬೆಳೆಯಿತು.

ಇಲ್ಲಿ ಒಂದು ಮಾತನ್ನು ಇತಿಹಾಸದ ಮೇಷ್ಟರಾಗಿ ಹೇಳಲೇಬೇಕು. ಆ ಕಾಲದಲ್ಲಿ ಬೂರ್ಬೋನಿನ ಜಮೀನುಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾ, ಮಡಗಾಸ್ಕರುಗಳಿಂದ ಹಿಡಿದು ತಂದ ಗುಲಾಮರು. ಅವರಿಗೆ ಬಿಡುಗಡೆ ದೊರೆತದ್ದು 1848ರ ಡಿಸೆಂಬರಿನಲ್ಲಿ. ಗುಂಡಿ ತೋಡಿ ಬೇಲಿ ನೆಟ್ಟ ಕೈ ಯಾರದಾಗಿರಬಹುದು, ಆ ಬೇರೆ ಸಸಿಯನ್ನು ಮೊದಲು ಕಂಡ ಕಣ್ಣು ಯಾರದಾಗಿರಬಹುದು ಎಂದು ನಾನು ಯೋಚಿಸುವುದುಂಟು. ಹೆಸರು ಉಳಿದಿರುವುದು ಯಜಮಾನನದು ಮಾತ್ರ.

ಈ ಮದುವೆಯಲ್ಲಿ ಕೂಡಿಬಂದ ಗುಣಗಳು ಎರಡು. ಪಶ್ಚಿಮ ಏಷ್ಯಾದಿಂದ ಹೊರಟ ಡಮಾಸ್ಕ್ ಗುಲಾಬಿಯದು ಪನ್ನೀರಿನ ಪರಿಮಳ. ಚೀನಾ ಗುಲಾಬಿಯದು ವರ್ಷವಿಡೀ ಮತ್ತೆ ಮತ್ತೆ ಹೂ ಬಿಡುವ ಸ್ವಭಾವ. ಕಾಡು ಗುಲಾಬಿಗಳಲ್ಲಿ ಹೂಬಿಡುವುದನ್ನು ತಡೆಹಿಡಿಯುವ ವಂಶವಾಹಿಯೊಂದಿದ್ದು, ಚೀನಾ ಗುಲಾಬಿಯಲ್ಲಿ ಅದರೊಳಗೆ ಬೇರೊಂದು ತುಣುಕು ಬಂದು ಸಿಕ್ಕಿಕೊಂಡು ತಡೆ ಕೆಟ್ಟುಹೋಗಿದೆ ಎಂದು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಕೆಟ್ಟದ್ದೂ ಒಮ್ಮೊಮ್ಮೆ ಒಳ್ಳೆಯದಕ್ಕೇ ಎನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಮೂರನೆಯ ಗುಣ ಹುಟ್ಟೂರಿನದು ಎಂದು ನನ್ನ ಊಹೆ. ಸೇಂಟ್ ಬೆನ್ವಾ ಇರುವುದು ಕಡಲ ಗಾಳಿ ನೇರವಾಗಿ ಬಂದು ಬೆಟ್ಟಕ್ಕೆ ಬಡಿಯುವ ಮಳೆಯ ಮಗ್ಗುಲಿನಲ್ಲಿ. ಪಶ್ಚಿಮಘಟ್ಟಕ್ಕೆ ನಮ್ಮ ಮುಂಗಾರು ಬಡಿದಂತೆಯೇ. ಒಂದು ದಿನದ ಮಳೆಯ ವಿಶ್ವದಾಖಲೆ ಇರುವುದೂ ಆ ದ್ವೀಪದ್ದೇ: 1966ರ ಜನವರಿಯ ಚಂಡಮಾರುತದಲ್ಲಿ ಫೊಕ್-ಫೊಕ್ ಎಂಬ ಎತ್ತರದ ಜಾಗದಲ್ಲಿ 24 ಗಂಟೆಗಳಲ್ಲಿ 1,825 ಮಿಲಿಮೀಟರ್. ಅಂಥ ನೆಲದಲ್ಲಿ ಮೊಳೆತ ಗಿಡಕ್ಕೆ ನಮ್ಮ ಆರಿದ್ರಾ, ಪುಷ್ಯ ಮಳೆಗಳು ಹೊಸತೇನೂ ಅಲ್ಲ.

ಈಗ ಮನೆಯ ತಪ್ಪಿಗೆ ಬರುತ್ತೇನೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಬಾವಿಕಟ್ಟೆಯ ಪಕ್ಕ ಅಮ್ಮ ತವರಿನಿಂದ ಕಡ್ಡಿ ತಂದು ನೆಟ್ಟ ಎಡ್ವರ್ಡ್ ಗಿಡವಿತ್ತು. ಅಮ್ಮ ಅದನ್ನು ಪನ್ನೀರು ಗುಲಾಬಿ ಎನ್ನುತ್ತಿದ್ದರು. ಹೂವು ಚಿಕ್ಕದು, ಬಣ್ಣ ಗಾಢ ಗುಲಾಬಿ, ದಳಗಳು ಸಂಜೆಯೊಳಗೆ ಸಡಿಲ. ಆದರೆ ದೇವರ ತಟ್ಟೆಯಲ್ಲಿ ಎರಡು ಹೂವಿಟ್ಟರೆ ಜಗಲಿಯವರೆಗೆ ಪರಿಮಳ. ನನಗೆ ಕೆಲಸ ಖಾಯಂ ಆದ ವರ್ಷ, 1978ರಲ್ಲಿ, ಬೆಂಗಳೂರಿನಿಂದ ನಾಲ್ಕು ಕಸಿ ಗಿಡಗಳನ್ನು ತಂದೆ. ಉದ್ದ ದಂಟು, ಅಂಗೈಯಗಲ ಹೂವು. ಬಿಸಿಲು ಬೀಳುವ ಜಾಗ ಬಾವಿಕಟ್ಟೆಯ ಪಕ್ಕ ಮಾತ್ರ ಇತ್ತು. ಅಮ್ಮನ ಗಿಡವನ್ನು ಕಿತ್ತೆ. ಅಮ್ಮ ನೋಡುತ್ತ ನಿಂತಿದ್ದರು. "ಮಳೆಗಾಲ ಕಳೀಲಿ, ನೋಡನ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಮಳೆಗಾಲದಲ್ಲಿಯೇ ಎಲೆಗಳ ಮೇಲೆ ಕಪ್ಪು ಚುಕ್ಕೆಗಳೆದ್ದವು. ಈ ರೋಗದ ಶಿಲೀಂಧ್ರಕ್ಕೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಸಾಕು, ಒಳಹೊಕ್ಕುತ್ತದೆ. ನಮ್ಮಲ್ಲಿ ಎಲೆ ಏಳು ದಿನವಾದರೂ ಒಣಗುವುದಿಲ್ಲ! ಮೂರು ವರ್ಷ ಹೆಣಗಿದೆ. ಬುಡದಿಂದ ಏಳುವ ಕಳ್ಳ ಚಿಗುರುಗಳನ್ನು ಪುಸ್ತಕದಲ್ಲಿ ಓದಿದಂತೆ ತಿಂಗಳು ತಿಂಗಳು ಸವರಿದೆ. ನಾಲ್ಕನೆಯ ವರ್ಷ ಅಮ್ಮ ಹಾಸಿಗೆ ಹಿಡಿದರು. ಗಿಡಗಳ ಕಡೆ ತಿರುಗಿ ನೋಡಲಾಗಲಿಲ್ಲ. ಕಾರ್ತಿಕದ ಒಂದು ಬೆಳಿಗ್ಗೆ ನೀರು ಸೇದಲು ಹೋದಾಗ ಪರಿಚಿತ ಪರಿಮಳ. ಮೇಲಿನ ಕಸಿ ಸತ್ತಿತ್ತು. ನಾನು ಸವರುತ್ತಿದ್ದ ಕಳ್ಳ ಚಿಗುರೇ ಆಳೆತ್ತರ ಬೆಳೆದು ಹೂ ಬಿಟ್ಟಿತ್ತು: ಎಡ್ವರ್ಡ್ ಗುಲಾಬಿ.

ನಮ್ಮ ದೇಶದಲ್ಲಿ ಕಸಿ ಕಟ್ಟಲು ಬೇರಿನ ಗಿಡವಾಗಿ ಎಡ್ವರ್ಡನ್ನೂ ಬಳಸುತ್ತಾರೆಂದು ಆಮೇಲೆ ತಿಳಿಯಿತು. ಇನ್ನೊಂದು ವಿಚಿತ್ರವೆಂದರೆ, 1867ರ 'ಲಾ ಫ್ರಾನ್ಸ್' ಮೊದಲುಗೊಂಡು ಬಂದ ಹೈಬ್ರಿಡ್ ಟೀ ಗುಲಾಬಿಗಳ ಪೂರ್ವಿಕರಲ್ಲಿ ಬೂರ್ಬೋನ್ ಗುಲಾಬಿಯೂ ಒಂದು. ಮೊಮ್ಮಗಳನ್ನು ಅಜ್ಜಿಯೇ ಹೊತ್ತು ನಿಂತಿದ್ದಳು. ನಾನು ಅಜ್ಜಿಯ ಕೈಕಾಲು ಕತ್ತರಿಸುತ್ತಿದ್ದೆ.

ಒಂದು ಹೂವನ್ನು ಅಮ್ಮನ ಕೈಗಿಟ್ಟೆ. ಕಣ್ಣು ಮುಚ್ಚಿಯೇ ಮೂಸಿ, "ನಮ್ದೇ ಅಲ್ವನಾ ಇದು?" ಎಂದರು. ಹೌದೆಂದೆ. ಕಿತ್ತ ಗಿಡ ಬೇರೆ, ಇದು ಬೇರೆ ಎಂದು ಹೇಳಲು ಬಾಯಿ ಬರಲಿಲ್ಲ. ಬಹಳ ವರ್ಷ ಅದೊಂದು ಸುಳ್ಳಾಗಿ ಮನಸ್ಸನ್ನು ಚುಚ್ಚುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಕಡ್ಡಿಯಿಂದ ಕಡ್ಡಿಗೆ ಬಂದ ಗಿಡಗಳೆಲ್ಲ ಒಂದೇ ಗಿಡ. ಬೀಜದ ಮಕ್ಕಳಂತೆ ಬೇರೆ ಬೇರೆಯಲ್ಲ. ಅಮ್ಮ ಹೇಳಿದ್ದೇ ಸರಿ.

ಇನ್ನು ಕೇಳಿದವಳಿಗೆ ಉತ್ತರ. ಎಡ್ವರ್ಡಿಗೂ ಕಪ್ಪುಚುಕ್ಕೆ ಬರುತ್ತದೆ. ಎಲೆ ಉದುರಿಸಿ ಮತ್ತೆ ಚಿಗುರುತ್ತದೆ, ಅಷ್ಟೇ ವ್ಯತ್ಯಾಸ. ನಮ್ಮ ಹಿರಿಯರು ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದು, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಎರಡರ ತಿರುಳೂ ಒಂದೇ: ರೋಗ ಬಂದಮೇಲೆ ಓಡಾಡುವುದಲ್ಲ, ಮಳೆಗೆ ಮೊದಲೇ ಕಾಯುವುದು. ಗುಲಾಬಿಗೂ ಅದೇ. ಬೆಳಗಿನ ಬಿಸಿಲು ಬೀಳುವ, ಗಾಳಿಯಾಡುವ ಜಾಗದಲ್ಲಿ ಏರಿ ಮಾಡಿ ನೆಡು. ಕಸಿ ಬೇಡ, ಪೆನ್ಸಿಲ್ ಗಾತ್ರದ ಕಡ್ಡಿಯನ್ನೇ ನೆಡು. ನೀರನ್ನು ಬುಡಕ್ಕೆ ಮಾತ್ರ, ಬೆಳಿಗ್ಗೆ ಹಾಕು. ಉದುರಿದ ಎಲೆಯನ್ನು ಬುಡದಲ್ಲಿ ಬಿಡದೆ ಆರಿಸಿ ಸುಟ್ಟುಹಾಕು. ಮಳೆ ಪೂರ್ತಿ ಹಿಂದಾದ ಮೇಲೆ, ದೀಪಾವಳಿಯ ಹೊತ್ತಿಗೆ, ಸವರಿ ಗೊಬ್ಬರ ಕೊಡು. ಚಳಿಗಾಲವೆಲ್ಲ ಹೂವು.

ಸವರಿದ ಕಡ್ಡಿಗಳನ್ನು ಈ ಸಲ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತೇನೆ. ಬೇಕಾದವರು ಬಂದು ಒಯ್ಯಿರಿ. ಬಾವಿಕಟ್ಟೆಯ ಪಕ್ಕದ ಗಿಡವನ್ನು ಮಾತ್ರ ಕೇಳಬೇಡಿ.