ಚಾರ್ಮಾಡಿ ಹತ್ತೋವಾಗ ಅಂಬಾಸಡರ್ ಯಾಕೆ ಕುದಿಯುತ್ತೆ? ನೀರು ಸುರಿಯೋ ಮುಂಚೆ ಇದನ್ನು ಓದಿ

ಕಡೂರು: ಮದುವೆ ಸೀಸನ್ ಬಂತು ಅಂದ್ರೆ ನಮ್ಮ ಕಡೆ ಶೆಡ್‌ನಲ್ಲಿ ಧೂಳು ಹಿಡಿದು ನಿಂತಿರೋ ಹಳೇ ಅಂಬಾಸಡರ್‌ಗಳಿಗೆ ಮತ್ತೆ ಕೆಲಸ ಬರುತ್ತೆ. ಮದುಮಗನ ಮೆರವಣಿಗೆಗೆ ಒಂದು, ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗಿ ಬರೋಕೆ ಇನ್ನೊಂದು. ಹೋಗುವಾಗ ಚಾರ್ಮಾಡಿ ಇಳಿಜಾರು, ತೊಂದರೆ ಗೊತ್ತಾಗಲ್ಲ. ವಾಪಸ್ ಬರುವಾಗ ಯಾವುದೋ ತಿರುವಿನಲ್ಲಿ ಬಾನೆಟ್ ಎತ್ತಿಕೊಂಡು, ಬಿಳಿ ಹಬೆ ಬಿಡ್ತಾ ಗಾಡಿ ನಿಂತಿರುತ್ತೆ. ಪಕ್ಕದಲ್ಲಿ ಯಾರಾದರೂ ಬಾಟಲಿ ಹಿಡಿದು ನೀರು ಹುಡುಕ್ತಾ ಇರ್ತಾರೆ.

ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ, "ನೀರು ಕಮ್ಮಿಯಾಗಿತ್ತು." ಕಮ್ಮಿ ಆಗಿದ್ದು ಯಾಕೆ ಅಂತ ಮಾತ್ರ ಯಾರೂ ಕೇಳಲ್ಲ. ನಮ್ಮ ಸೋದರಮಾವನೂ ಕೇಳಲಿಲ್ಲ. ಅದರ ಕಥೆ ಮುಂದೆ ಹೇಳ್ತೀನಿ.

ಮೊದಲು ಈ ಗಾಡಿಯ ಬಗ್ಗೆ ಒಂದು ವಿಷಯ. ಹಳೇ ಪೆಟ್ರೋಲ್ ಅಂಬಾಸಡರ್‌ನಲ್ಲಿ ಇರೋ 1489 ಸಿಸಿ ಇಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಇಂಜಿನ್. 1955ರಲ್ಲಿ ಬಂದ ಎಂಜಿಎ ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಹಾಕಿದ್ದೂ ಇದೇ ಕುಟುಂಬದ, ಇದೇ 1489 ಸಿಸಿ ಇಂಜಿನ್. ಅದಕ್ಕೆ ಎರಡು ಕಾರ್ಬುರೇಟರ್ ಕೂರಿಸಿ ಸುಮಾರು 70 ಕುದುರೆ ಶಕ್ತಿ ತೆಗೆದಿದ್ರು, ಅಷ್ಟೇ ವ್ಯತ್ಯಾಸ. ಆಮೇಲೆ 1962ರಲ್ಲಿ ಬಂದ ಎಂಜಿಬಿಯದ್ದೂ ಇದೇ ಜಾತಿ, 1798 ಸಿಸಿ. ಲಕ್ಷಗಟ್ಟಲೆ ಕೊಟ್ಟು ಎಂಜಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಇವತ್ತಿಗೂ ಅದನ್ನು ತಂಪಾಗಿ ಇಡೋಕೆ ಏನೇನು ಮಾಡ್ತಾರೋ ಅದೇ ನಮ್ಮ ಅಂಬಾಸಡರ್‌ಗೂ ಸಾಕು. ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. 1992ರ ನಂತರ ಬಂದ 1800 ಇಸುಜು ಇಂಜಿನ್ ಬೇರೆ ಥರದ್ದು, ಆದರೂ ಕೆಳಗಿನ ಮಾತುಗಳಲ್ಲಿ ಮುಕ್ಕಾಲು ಪಾಲು ಅದಕ್ಕೂ ಅನ್ವಯ ಆಗುತ್ತೆ.

ಬೋರ್ ನೀರೇ ಮೊದಲ ಕಾಯಿಲೆ

ಸುಟ್ಟ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸೋಕೆ ಹೋಗುತ್ತೆ. ಒಂದು ಭಾಗ ಸೈಲೆನ್ಸರ್‌ನಲ್ಲಿ ಆಚೆ ಹೋಗುತ್ತೆ. ಉಳಿದದ್ದನ್ನು ನೀರು ಹೊತ್ತುಕೊಂಡು ಹೋಗಿ ರೇಡಿಯೇಟರ್‌ನಲ್ಲಿ ಗಾಳಿಗೆ ಬಿಡಬೇಕು. ಅಂದ್ರೆ ಸಿಲಿಂಡರ್ ಸುತ್ತ ಇರೋ ಕಾಲುವೆಗಳಲ್ಲಿ ನೀರು ಕಬ್ಬಿಣವನ್ನು ಮುಟ್ಟಬೇಕು. ಮಧ್ಯೆ ಏನೂ ಅಡ್ಡ ಇರಬಾರದು.

ನಮ್ಮ ತಾಲ್ಲೂಕಿನ ಬೋರ್ ನೀರು ಕಾಯಿಸಿದ ಹಂಡೆಯ ಒಳಗೆ ಕೈಯಾಡಿಸಿ ನೋಡಿ. ಬಿಳಿ ಸುಣ್ಣದ ಪದರ ಗಟ್ಟಿಯಾಗಿ ಕೂತಿರುತ್ತೆ. ಗೀಸರ್ ಕಾಯಿಲ್ ಬಿಚ್ಚಿದ ಎಲೆಕ್ಟ್ರಿಷಿಯನ್‌ನ ಕೇಳಿ, ಅವನೂ ಅದನ್ನೇ ಹೇಳ್ತಾನೆ. ಇದೇ ಪದರ ಇಂಜಿನ್ ಒಳಗೂ ಕಟ್ಟುತ್ತೆ. ಸುಣ್ಣ ಕಬ್ಬಿಣದಷ್ಟು ಚೆನ್ನಾಗಿ ಶಾಖ ದಾಟಿಸಲ್ಲ. ಹೀಗಾಗಿ ನೀರು ತುಂಬಿದ್ದರೂ ಇಂಜಿನ್ ಒಳಗೊಳಗೇ ಕಾಯ್ತಾ ಇರುತ್ತೆ. ಬರೀ ನೀರು ಹಾಕಿದ್ರೆ ತುಕ್ಕು ಬೇರೆ. ಬ್ಲಾಕ್, ಹೆಡ್ ಎರಡೂ ಬೀಡುಕಬ್ಬಿಣದ್ದು. ತುಕ್ಕು, ಸುಣ್ಣ ಸೇರಿ ಕೆಂಪು ಕೆಸರಾಗಿ ಬ್ಲಾಕ್‌ನ ಹಿಂಭಾಗದಲ್ಲಿ, ಅಂದ್ರೆ ನಾಲ್ಕನೇ ಸಿಲಿಂಡರ್ ಕಡೆ ತಳ ಹಿಡಿಯುತ್ತೆ.

ಮಾವನ ಗಾಡಿಗೆ ಆಗಿದ್ದು ಇದೇ. ಹತ್ತಾರು ವರ್ಷ ಮನೆ ಹಿಂದಿನ ಬೋರ್ ನೀರೇ. ಹೆಡ್ ಇಳಿಸಿದಾಗ ನಾನೇ ನೋಡಿದ್ದು, ನೀರು ಹೋಗೋ ತೂತುಗಳಲ್ಲಿ ಕೆಲವಕ್ಕೆ ಪೆನ್ಸಿಲ್ ಕೂಡ ಹೋಗ್ತಿರಲಿಲ್ಲ.

ಹಾಗಾದ್ರೆ ಏನು ಹಾಕಬೇಕು? ಬ್ಯಾಟರಿ ಅಂಗಡಿಯಲ್ಲಿ ಸಿಗೋ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ. ರೆಡಿಮಿಕ್ಸ್ ಡಬ್ಬ ತಂದಿದ್ರೆ ಅದಕ್ಕೆ ಮತ್ತೆ ನೀರು ಸೇರಿಸಬೇಡಿ. "ಕೂಲಂಟ್ ಹಿಮ ಬೀಳೋ ದೇಶಕ್ಕೆ, ನಮಗ್ಯಾಕೆ" ಅಂತ ಕೆಲವು ಅಂಗಡಿಯವರೇ ಹೇಳ್ತಾರೆ. ಹೆಪ್ಪುಗಟ್ಟೋ ಭಯ ನಮಗಿಲ್ಲ, ನಿಜ. ಆದರೆ ನಮಗೆ ಬೇಕಾಗಿರೋದು ಅದರಲ್ಲಿರೋ ತುಕ್ಕು ತಡೆಯೋ ಮದ್ದು. ಜೊತೆಗೆ ಕುದಿಯೋ ಮಟ್ಟವನ್ನೂ ಏಳೆಂಟು ಡಿಗ್ರಿ ಮೇಲಕ್ಕೆ ಎತ್ತುತ್ತೆ. ತಾಮ್ರ-ಹಿತ್ತಾಳೆ ರೇಡಿಯೇಟರ್ ಇರೋ ಹಳೇ ಗಾಡಿಗೆ ಹಳೇ ಥರದ್ದೇ ಕೂಲಂಟ್ ಸೂಕ್ತ. ಬಣ್ಣ ನೋಡಿ ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತೆ. ಡಬ್ಬದ ಮೇಲೆ ಓದಿ. ಎರಡು ಜಾತಿ ಬೆರೆಸಿದ್ರೆ ಕೆಲವೊಮ್ಮೆ ಗಂಜಿ ಥರ ಗಟ್ಟಿಯಾಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಬದಲಾಯಿಸುವಾಗ ಹೆಚ್ಚಿನವರು ಮಾಡೋ ತಪ್ಪು ಅಂದ್ರೆ ರೇಡಿಯೇಟರ್ ಕೆಳಗಿನ ನಲ್ಲಿ ಮಾತ್ರ ಬಿಚ್ಚೋದು. ಬ್ಲಾಕ್‌ನ ಹಿಂಬದಿಯಲ್ಲಿ ಇನ್ನೊಂದು ಪುಟ್ಟ ನಲ್ಲಿ ಇದೆ. ಅದನ್ನು ಬಿಚ್ಚದಿದ್ರೆ ಕೆಸರು ಅಲ್ಲೇ ಉಳಿಯುತ್ತೆ. ಬಿಚ್ಚಿದರೂ ನೀರು ಬರಲಿಲ್ಲ ಅಂದ್ರೆ ಖುಷಿ ಪಡಬೇಡಿ, ಕೆಸರು ಕಟ್ಟಿಕೊಂಡಿದೆ ಅಂತ ಅರ್ಥ. ತಂತಿ ಹಾಕಿ ಕೆದಕಿ, ಪೈಪ್‌ನಿಂದ ನೀರು ಬಿಟ್ಟು ತಿಳಿಯಾಗೋವರೆಗೂ ತೊಳೆಯಿರಿ. ಥರ್ಮೋಸ್ಟಾಟ್ ತೆಗೆದು ಮೇಲಿನಿಂದ ಕೆಳಕ್ಕೆ, ಅಂದ್ರೆ ನೀರು ಹರಿಯೋ ದಿಕ್ಕಿಗೆ ಉಲ್ಟಾ ಬಿಟ್ಟರೆ ಇನ್ನೂ ಚೆನ್ನಾಗಿ ಕಿತ್ತು ಬರುತ್ತೆ.

ಥರ್ಮೋಸ್ಟಾಟ್ ಕಿತ್ತು ಹಾಕೋ ಚಾಳಿ

ಇದನ್ನು ಬರೆಯೋಕೇ ನಾನು ಈ ಲೇಖನ ಶುರು ಮಾಡಿದ್ದು. ಗಾಡಿ ಬಿಸಿಯಾಗುತ್ತೆ ಅಂತ ತಗೊಂಡು ಹೋದ ತಕ್ಷಣ ಥರ್ಮೋಸ್ಟಾಟ್ ವಾಲ್ವ್ ತೆಗೆದು ಬಿಸಾಕೋ ಮೆಕ್ಯಾನಿಕ್‌ಗಳು ಇದ್ದಾರೆ. "ನಮ್ಮ ದೇಶಕ್ಕೆ ಬೇಡ ಸಾರ್, ಬಿಡಿ" ಅಂತಾರೆ. ಮಾವನ ಗಾಡಿಯಲ್ಲೂ ಒಂದು ಗ್ಯಾರೇಜಿನವರು ಹೀಗೇ ಮಾಡಿದ್ರು.

ಥರ್ಮೋಸ್ಟಾಟ್ ಅಂದ್ರೆ ಒಳಗೆ ಮೇಣ ಇರೋ ಒಂದು ಬಾಗಿಲು. ಇಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತೆ, ನೀರು ರೇಡಿಯೇಟರ್‌ಗೆ ಹೋಗದಂತೆ ತಡೆದು ಇಂಜಿನ್ ಬೇಗ ಕಾಯೋ ಹಾಗೆ ಮಾಡುತ್ತೆ. ಹೆಚ್ಚಾಗಿ 82 ಡಿಗ್ರಿ ಹತ್ತಿರ ತೆರೆಯೋಕೆ ಶುರು ಆಗುತ್ತೆ. ಅಂಕಿ ಅದರ ಮೇಲೇ ಒತ್ತಿರುತ್ತೆ. ಅದನ್ನು ಕಿತ್ತರೆ ಊರೊಳಗೆ ಓಡಾಡುವಾಗ ಇಂಜಿನ್ ಸರಿಯಾಗಿ ಕಾಯೋದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಯಿಲ್ ಒಳಗೆ ತೇವ ಉಳಿದು ಜಿಡ್ಡು ಕಟ್ಟುತ್ತೆ, ಸಿಲಿಂಡರ್ ಬೇಗ ಸವೆಯುತ್ತೆ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದರೂ ಬಯಲುಸೀಮೆ ರಸ್ತೆಯಲ್ಲಿ ಮುಳ್ಳು ಕೆಳಗೇ ಇರುತ್ತೆ. ಗಾಡಿ ಸರಿಹೋಯ್ತು ಅಂದುಕೊಳ್ತೀರಿ. ಕಾಯಿಲೆ ಗೊತ್ತಾಗೋದು ಘಾಟಿಯಲ್ಲಿ, ಎಂಟು ಜನ ಕೂತಿರುವಾಗ, ಸೆಕೆಂಡ್ ಗೇರಿನಲ್ಲಿ.

ಥರ್ಮೋಸ್ಟಾಟ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡಬಹುದು. ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ತಳ ಮುಟ್ಟದ ಹಾಗೆ ಇಳಿಬಿಟ್ಟು ಕಾಯಿಸಿ. ನೀರು ಕುದಿಯೋ ಹೊತ್ತಿಗೆ ಬಾಗಿಲು ಪೂರ್ತಿ ತೆರೆದಿರಬೇಕು, ಆರಿದ ಮೇಲೆ ಪೂರ್ತಿ ಮುಚ್ಚಬೇಕು. ಇಲ್ಲ ಅಂದ್ರೆ ಹೊಸದು ಹಾಕಿ. ಅಡುಗೆ ಪಾತ್ರೆ ಬಳಸಬೇಡಿ, ಮನೆಯಲ್ಲಿ ಬೈಗುಳ ತಿಂದವನು ಹೇಳ್ತಿದ್ದೀನಿ.

ಮುಚ್ಚಳ ಅಂದ್ರೆ ಬರೀ ಮುಚ್ಚಳ ಅಲ್ಲ

ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಕಾಲೇಜಿನ ಫಿಸಿಕ್ಸ್‌ನಲ್ಲಿ ನೆನಪಿರೋದು ಇದೊಂದೇ: ಒತ್ತಡ ಹೆಚ್ಚಿದ್ರೆ ನೀರು ತಡವಾಗಿ ಕುದಿಯುತ್ತೆ. ಪ್ರೆಷರ್ ಕುಕ್ಕರ್ ಕೆಲಸ ಮಾಡೋದು ಹೀಗೆ, ರೇಡಿಯೇಟರ್ ಕ್ಯಾಪ್ ಕೂಡ ಹಾಗೇ. ಕ್ಯಾಪ್ ಮೇಲೆ 7 ಅಂತ ಇದ್ರೆ ಅದು 7 ಪಿಎಸ್‌ಐ ಒತ್ತಡ ಹಿಡಿಯುತ್ತೆ, ಆಗ ಬರೀ ನೀರೂ ಸುಮಾರು 111 ಡಿಗ್ರಿವರೆಗೆ ಕುದಿಯಲ್ಲ. ಅದೇ ಕ್ಯಾಪ್‌ನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ರೆ ಒತ್ತಡ ನಿಲ್ಲಲ್ಲ. ಎತ್ತರದಲ್ಲಿ ನೀರು ಇನ್ನೂ ಬೇಗ ಕುದಿಯುತ್ತೆ. 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ. ಸಣ್ಣ ರಬ್ಬರ್ ಬಿಲ್ಲೆ ಹಾಳಾಗಿದ್ದಕ್ಕೆ ಗಾಡಿ ಕುದ್ದು, ನೀರು ಉಕ್ಕಿ ಆಚೆ ಹೋಗಿ, ಆಮೇಲೆ "ನೀರು ಕಮ್ಮಿ" ಆಗೋದು ಹೀಗೆ.

ಹೊಸ ಕ್ಯಾಪ್ ತರುವಾಗ ಹಳೇದನ್ನು ಅಂಗಡಿಗೆ ತಗೊಂಡು ಹೋಗಿ. ಕ್ಯಾಪ್‌ನ ಒಳಗಿನ ಆಳ ಬೇರೆ ಬೇರೆ ಇರುತ್ತೆ, ಮೇಲೆ ಕೂತರೂ ಒಳಗೆ ರಬ್ಬರ್ ಒತ್ತಿಕೊಳ್ಳದೇ ಇರಬಹುದು. ಅಂಕಿಯೂ ಅದೇ ಇರಲಿ. ಜಾಸ್ತಿ ಒತ್ತಡದ್ದು ಹಾಕಿದ್ರೆ ಹಳೇ ರೇಡಿಯೇಟರ್‌ನ ಬೆಸುಗೆ ಬಿಡುತ್ತೆ.

ಇನ್ನೊಂದು. ನೀರು ಸಂಗ್ರಹ ಆಗೋ ಬಾಟಲಿ ಇಲ್ಲದ ಹಳೇ ಗಾಡಿಯಲ್ಲಿ ಬಾಯಿವರೆಗೆ ತುಂಬಬೇಡಿ. ನೀರು ಕಾದಾಗ ಹಿಗ್ಗುತ್ತೆ, ಹೆಚ್ಚಾದದ್ದನ್ನು ಗಾಡಿ ತಾನೇ ಆಚೆ ಉಗಿಯುತ್ತೆ. ದಿನಾ ತುಂಬಿಸಿ, ದಿನಾ ಉಗಿಸಿ, ಲೀಕ್ ಇದೆ ಅಂತ ಅಲೆಯೋರು ಬಹಳ ಜನ. ಒಂದು ಇಂಚು ಕೆಳಗೆ ನಿಲ್ಲಿಸಿ.

ಬೆಲ್ಟ್, ಜಾಲರಿ, ಪೈಪು

ಈ ಇಂಜಿನ್‌ನಲ್ಲಿ ಫ್ಯಾನ್, ವಾಟರ್ ಪಂಪ್, ಡೈನಮೋ ಮೂರನ್ನೂ ತಿರುಗಿಸೋದು ಒಂದೇ ಬೆಲ್ಟ್. ಅದು ತುಂಡಾದ್ರೆ ಮೂರೂ ಒಟ್ಟಿಗೆ ನಿಲ್ಲುತ್ತೆ. ಹಾಗಾಗಿ ಓಡುವಾಗ ಚಾರ್ಜಿಂಗ್‌ನ ಕೆಂಪು ಲೈಟ್ ಹತ್ತಿದ್ರೆ "ಬ್ಯಾಟರಿ ತಾನೇ, ಮನೆಗೆ ಹೋಗಿ ನೋಡೋಣ" ಅನ್ನಬೇಡಿ. ತಕ್ಷಣ ನಿಲ್ಲಿಸಿ ಬಾನೆಟ್ ಎತ್ತಿ. ಬೆಲ್ಟ್‌ನ ಉದ್ದನೆಯ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚು ಬಾಗಬೇಕು. ಡಿಕ್ಕಿಯಲ್ಲಿ ಒಂದು ಹೆಚ್ಚುವರಿ ಬೆಲ್ಟ್ ಯಾವಾಗಲೂ ಇರಲಿ.

ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹಾಸಿರ್ತಾರಲ್ಲ, ಅದರ ಹೊಟ್ಟು, ಧೂಳು ಹಾರಿ ರೇಡಿಯೇಟರ್ ಜಾಲರಿಗೆ ಹೋಗಿ ಕೂರುತ್ತೆ. ಮೇಲೆ ಹುಳಹುಪ್ಪಟೆ. ಇಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವೀಸ್‌ನ ಜೋರು ಪ್ರೆಷರ್ ಹಿಡಿದ್ರೆ ಜಾಲರಿ ಮಡಚಿ ಗಾಳಿಯೇ ಹೋಗಲ್ಲ.

ರಬ್ಬರ್ ಪೈಪುಗಳನ್ನು ತಣ್ಣಗಿದ್ದಾಗ ಹಿಂಡಿ ನೋಡಿ. ತೀರಾ ಮೆತ್ತಗಾಗಿದ್ರೆ ಅಥವಾ ಬಿರುಕು ಕಂಡ್ರೆ ಬದಲಾಯಿಸಿ. ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತಾ ಇದ್ರೆ ಸೀಲ್ ಹೋಗಿದೆ. ಆ ತೂತಿಗೆ ಎಂಸೀಲ್ ಮೆತ್ತಿದ್ರೆ ಲೀಕ್ ಕಾಣಲ್ಲ, ನೀರು ಹೋಗಿ ಬೇರಿಂಗ್ ತಿನ್ನುತ್ತೆ.

ರೇಡಿಯೇಟರ್ ಸೋರಿದ್ರೆ ಅರಿಶಿನ ಪುಡಿ ಹಾಕೋ ಡ್ರೈವರ್ ವಿದ್ಯೆ ನಿಮಗೂ ಗೊತ್ತಿರಬಹುದು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟೋಕೆ ಪರವಾಗಿಲ್ಲ. ಆದರೆ ಅದೇ ಪುಡಿ ಒಳ್ಳೆ ಕೊಳವೆಗಳನ್ನೂ ಮುಚ್ಚುತ್ತೆ. ಊರಿಗೆ ಬಂದ ಮೇಲೆ ತೊಳೆಸಿ ಬೆಸುಗೆ ಹಾಕಿಸಿ. ತಾಮ್ರದ ರೇಡಿಯೇಟರ್‌ನ ದೊಡ್ಡ ಪುಣ್ಯ ಅಂದ್ರೆ ಅದು ರಿಪೇರಿ ಆಗುತ್ತೆ. ಮೇಲಿನ ತೊಟ್ಟಿ ಬಿಚ್ಚಿ, ಕೊಳವೆಗಳೊಳಗೆ ಕಡ್ಡಿ ಆಡಿಸಿ ಕ್ಲೀನ್ ಮಾಡಿ ಮತ್ತೆ ಬೆಸೆಯೋರು ಇನ್ನೂ ಇದ್ದಾರೆ.

ಎಲ್ಲಾ ಸರಿ ಇದ್ದೂ ಬಿಸಿಯಾದ್ರೆ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದೆಯಾ ನೋಡಿಸಿ. ಮುಳ್ಳು ಮಾಮೂಲಿ ಜಾಗದಲ್ಲೇ ಇದ್ದು, ಏರಿನಲ್ಲಿ ಗಾಡಿ ಬಿಕ್ಕಳಿಸಿ ನಿಂತರೆ ಅದು ಬೇರೆ ಕೇಸು. ಪೆಟ್ರೋಲ್ ಪಂಪ್‌ನಲ್ಲೇ ಆವಿಯಾಗಿರುತ್ತೆ. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಹೊರಡುತ್ತೆ.

ಘಾಟಿಯಲ್ಲಿ ಮುಳ್ಳು ಏರಿದಾಗ

ಹಬೆ ಇನ್ನೂ ಬಂದಿಲ್ಲ, ಮುಳ್ಳು ಮಾತ್ರ ಏರ್ತಿದೆ ಅಂದ್ರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಇಂಜಿನ್ ಓಡಲಿ ಬಿಡಿ, ಫ್ಯಾನ್ ಗಾಳಿ ಹೊಡೆಯುತ್ತೆ. ಹಬೆ ಬಂದಿದ್ರೆ ಅಥವಾ ಬೆಲ್ಟ್ ಹೋಗಿದ್ರೆ ತಕ್ಷಣ ಆಫ್ ಮಾಡಿ. ಏರಿದ್ದ ಮುಳ್ಳು ಹಠಾತ್ತಾಗಿ ಇಳಿದ್ರೆ ತಣ್ಣಗಾಯ್ತು ಅಂದುಕೊಳ್ಳಬೇಡಿ. ನೀರು ಪೂರ್ತಿ ಹೋಗಿ ಮೀಟರಿನ ತುದಿಗೆ ನೀರೇ ತಾಗದೇ ಇದ್ದಾಗಲೂ ಹೀಗಾಗುತ್ತೆ.

ಆಮೇಲೆ ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಹಿಂದೆ ಹಾರ್ನ್ ಹೊಡೀತಾರೆ, ಮಕ್ಕಳು ಅಳ್ತಾವೆ, ಆದರೂ ಬೇಡ. ನಮ್ಮ ಮಾವ ಹತ್ತು ನಿಮಿಷಕ್ಕೇ ತೆಗೆದ್ರು. ಒಳಗೆ ನೂರು ಡಿಗ್ರಿ ದಾಟಿದ ನೀರು ಒತ್ತಡ ಬಿಟ್ಟ ಕೂಡಲೇ ಹಬೆಯಾಗಿ ಚಿಮ್ಮಿ, ಬಲಗೈ ಮೊಣಕೈವರೆಗೆ ಸುಟ್ಟಿತು. ಯಾರೋ ಟೂತ್‌ಪೇಸ್ಟ್ ಹಚ್ಚಿದ್ರು, ಅದರಿಂದ ಇನ್ನೂ ಕೆಟ್ಟಿತು. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಬೇಕು, ಇಂಕು, ಪೇಸ್ಟು, ಬೆಣ್ಣೆ ಏನೂ ಹಚ್ಚಬಾರದು, ಆಮೇಲೆ ಆಸ್ಪತ್ರೆ. ಅವತ್ತೇ ಜೊತೆಯಲ್ಲಿದ್ದವರು ಬಿಸಿ ಇಂಜಿನ್‌ಗೆ ತೊರೆಯ ತಣ್ಣೀರು ಸುರಿದ್ರು, ಹೆಡ್ ಬಿರುಕು ಬಿಟ್ಟಿತು. ಒಂದೇ ದಿನ ಮಾವನಿಗೆ ಕೈಯೂ ಹೋಯ್ತು, ಗಾಡಿಯೂ ಎರಡು ವರ್ಷ ಮೂಲೆ ಸೇರಿತು.

ಆರಿದ ಮೇಲೆ ದಪ್ಪ ಬಟ್ಟೆ ಹಿಡಿದು, ಮುಖ ಆಚೆ ತಿರುಗಿಸಿ, ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ. ಸುಯ್ ಅನ್ನೋದು ಪೂರ್ತಿ ನಿಂತ ಮೇಲೆ ತೆಗೆಯಿರಿ. ಇಂಜಿನ್ ಸ್ಟಾರ್ಟ್ ಮಾಡಿ ನೀರನ್ನು ನಿಧಾನಕ್ಕೆ ಹಾಕಿ. ರೇಡಿಯೇಟರ್‌ನಲ್ಲಿ ಗುಳ್ಳೆ ನಿಲ್ಲದೇ ಬರ್ತಿದ್ರೆ, ಆಯಿಲ್ ಮುಚ್ಚಳದ ಕೆಳಗೆ ಹಾಲು ಬೆರೆಸಿದ ಕಾಫಿ ಥರ ಕಂಡ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅಲ್ಲಿಂದ ಓಡಿಸದೇ ಎಳೆಸಿಕೊಂಡು ಬನ್ನಿ.

ತೊಂದರೆ ಇಲ್ಲದೇ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಲಿಸಿದ್ರೂ ಇಂಜಿನ್ ಒಂದೆರಡು ನಿಮಿಷ ಓಡಲಿ ಬಿಟ್ಟು ಆಮೇಲೆ ಆಫ್ ಮಾಡಿ. ಫ್ಯಾನು, ಪಂಪು ನಿಂತ ಕೂಡಲೇ ಹೆಡ್‌ನ ಶಾಖ ಹೋಗೋಕೆ ಜಾಗ ಇಲ್ಲದೇ ನಿಂತ ನೀರನ್ನೇ ಕುದಿಸುತ್ತೆ.

ಕೊನೆಯದಾಗಿ, ಹಳೇ ಕೂಲಂಟ್ ತೆಗೆದಾಗ ಚರಂಡಿಗೋ ಹಿತ್ತಲಿಗೋ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತೆ, ವಿಷ. ನಾಯಿ, ಕರು ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯ್ತಾವೆ. ಮುಚ್ಚಳ ಇರೋ ಕ್ಯಾನ್‌ನಲ್ಲಿ ಹಿಡಿದಿಟ್ಟು, ವೇಸ್ಟ್ ಆಯಿಲ್ ಜೊತೆ ಬೆರೆಸದೇ ಬೇರೆ ಇಡಿ. ಕ್ಯಾನ್ ಮೇಲೆ "ವಿಷ" ಅಂತ ದಪ್ಪಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.